ಪದಚರ್ಚೆ: ಬೆಂಕಿ ಬಿದ್ದ ಮೇಲೆ ಬುಡದಿಂದ ಚಿಗುರುವ ಗಿಡ, ಬೀಜದಿಂದ ಮರಳುವ ಗಿಡ – ಇವಕ್ಕೆ ಏನೆನ್ನೋಣ?

ಬಳಗದ ಎಲ್ಲರಿಗೂ ಶಿರಸಿಯಿಂದ ನಮಸ್ಕಾರ.

ನಮ್ಮ ಭಾಗದ ಗ್ರಾಮ ಅರಣ್ಯ ಸಮಿತಿಯವರ ಓದಿಗೆಂದು ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಬೆಂಕಿ ಬಿದ್ದ ಮೇಲೆ ಗಿಡಮರಗಳು ಹೇಗೆ ಬದುಕಿಕೊಳ್ಳುತ್ತವೆ, ಅದಕ್ಕೂ ಹೂವಿಗೂ ಏನು ಸಂಬಂಧ ಎನ್ನುವುದು ವಿಷಯ. ಮುಖ್ಯ ಆಧಾರವಾಗಿ ಇಟ್ಟುಕೊಂಡಿರುವುದು ಪಶ್ಚಿಮ ಆಸ್ಟ್ರೇಲಿಯಾದ ಸಸ್ಯ ಪರಿಸರ ವಿಜ್ಞಾನಿ ಬೈರನ್ ಲಮಾಂಟ್ ಮತ್ತು ಅವರ ಜೊತೆಗಾರರು ಬ್ಯಾಂಕ್ಸಿಯಾ ಎಂಬ ಗಿಡಗಳ ಮೇಲೆ ದಶಕಗಳ ಕಾಲ ನಡೆಸಿದ ಅಧ್ಯಯನವನ್ನು. ಅದರಲ್ಲಿ ಮತ್ತೆ ಮತ್ತೆ ಬರುವ ಕೆಲವು ಪರಿಭಾಷೆಗೆ ಒಳ್ಳೆಯ ಕನ್ನಡ ಬೇಕಾಗಿದೆ.

ಪತ್ರಿಕೆಗಳಲ್ಲಿ ಕಾಣುವ ಪದ 'ಅಗ್ನಿನಿರೋಧಕ ಸಸ್ಯ'. ಬೆಂಕಿಯನ್ನು ಒಳಗೆ ಬಿಡದ ಮರಕ್ಕೆ ಅದು ಸರಿ. ನಮ್ಮ ಬೆಟ್ಟಗಳ ಮತ್ತಿ, ಕವಲು ಅಂಥವು. ಶಿವರಾತ್ರಿ ಕಳೆದು ದರಕಿಗೆ (ಉದುರಿದ ಒಣ ಎಲೆಗೆ) ಬೆಂಕಿ ತಾಗಿ ಬೆಟ್ಟ ಸುಟ್ಟುಹೋದ ಮೇಲೆ ಕವಲಿನ ಮರವನ್ನು ಮುಟ್ಟಿ ನೋಡಿ. ಹೊರತೊಗಟೆ ಕರಕಲಾಗಿ ಕೈಗೆಲ್ಲ ಮಸಿ ಹತ್ತುತ್ತದೆ. ಕತ್ತಿಯಿಂದ ಸ್ವಲ್ಪ ಕೆತ್ತಿದರೆ ಒಳಗಿನ ಕೆಂಪು ನಾರು ಹಸಿಯಾಗಿಯೇ ಇರುತ್ತದೆ. ಆದರೆ ನೆಲದ ಮೇಲಿನದೆಲ್ಲ ಪೂರ್ತಿ ಸುಟ್ಟು, ಮಣ್ಣಿನೊಳಗಿನ ಬೊಡ್ಡೆಯಿಂದ ಮತ್ತೆ ಕುಡಿ ಒಡೆಯುವ ಗಿಡಗಳಿವೆಯಲ್ಲ, ಅವು ಬೆಂಕಿಯನ್ನು ತಡೆದವಲ್ಲ. ಬೆಂಕಿಗೆ ಮೈ ಕೊಟ್ಟು ಬೇರು ಉಳಿಸಿಕೊಂಡವು. ಇವೆರಡಕ್ಕೂ 'ನಿರೋಧಕ' ಎಂದುಬಿಟ್ಟರೆ ಓದುವವರು ಮಾಡುವ ಕೆಲಸವೇ ತಪ್ಪುತ್ತದೆ. ಸುಟ್ಟ ಗಿಡ ಸತ್ತಿತೆಂದು ಬುಡ ಸಮೇತ ಕಿತ್ತು ಸೌದೆಗೆ ಒಯ್ಯುವುದು, ಎಳೆಯ ಕುಡಿ ಬಂದಾಗ ದನ ಬಿಡುವುದು, ಎರಡೂ ನಮ್ಮಲ್ಲಿ ನಡೆಯುತ್ತಲೇ ಇವೆ.

ಬುಡದಿಂದ ಚಿಗುರುವ ಗಿಡಕ್ಕೆ ನನ್ನ ಮನಸ್ಸು ಹೋಗುತ್ತಿರುವುದು 'ಕೂಳೆ' ಎಂಬ ಪದದ ಕಡೆಗೆ. ಕೊಯ್ಲಾದ ಗದ್ದೆಯಲ್ಲಿ ಉಳಿಯುವ ಬತ್ತದ ಬುಡ ಕೂಳೆ. ಕಡಿದ ಬುಡದಿಂದಲೇ ಎದ್ದು ಬರುವ ಕಬ್ಬು ಕೂಳೆ ಕಬ್ಬು. ಮೇಲಿನದು ಹೋಗಿ ಬುಡ ಉಳಿಯಿತು, ಆ ಬುಡದಿಂದ ಇನ್ನೊಂದು ಬೆಳೆ ಬಂತು ಎಂಬ ಅರ್ಥ ಅದರಲ್ಲಿ ಆಗಲೇ ಇದೆ. 'ಕೂಳೆಗಿಡ' ಎಂದರೆ ರೈತರಿಗೆ ವಿವರಣೆಯೇ ಬೇಡ. 'ಹಿಳ್ಳು' ಕೂಡ ಯೋಚಿಸಿದೆ. ಆದರೆ ಬಾಳೆಯ ಹಿಳ್ಳು ತಾಯಿಗಿಡ ಚೆನ್ನಾಗಿರುವಾಗಲೇ ಪಕ್ಕದಲ್ಲಿ ಏಳುತ್ತದೆ, ಸುಡುವ ಅಥವಾ ಕಡಿಯುವ ಮಾತು ಅದರಲ್ಲಿಲ್ಲ. 'ಮರುಚಿಗುರು' ಪುಸ್ತಕದ ಭಾಷೆಗೆ ಒಗ್ಗುತ್ತದೆ, ಆದರೆ ಯುಗಾದಿಗೆ ಎಲ್ಲ ಮರವೂ ಮರುಚಿಗುರುತ್ತದೆ.

ಕಷ್ಟ ಇರುವುದು ಎರಡನೆಯ ಗುಂಪಿನಲ್ಲಿ. ಪರ್ತ್ ನಗರದ ಉತ್ತರದ ಕುರುಚಲು ಕಾಡಿನ ಬ್ಯಾಂಕ್ಸಿಯಾ ಹುಕೆರಿಯಾನಾ ಎಂಬ ಪೊದೆ ಬೆಂಕಿಗೆ ಸಿಕ್ಕರೆ ಬೇರು ಸಮೇತ ಸಾಯುತ್ತದೆ. ಆದರೆ ವರ್ಷವರ್ಷವೂ ಬಿಟ್ಟ ಬೀಜವನ್ನು ಉದುರಿಸದೆ, ಮರದಷ್ಟು ಗಟ್ಟಿಯಾದ ಕಾಯಿಗಳಲ್ಲಿ ತನ್ನ ಮೈಮೇಲೆಯೇ ಇಟ್ಟುಕೊಂಡಿರುತ್ತದೆ. ಕಾಯಿಯ ಎರಡು ತುಟಿಗಳನ್ನು ಮೇಣ ಬೆಸೆದಿರುತ್ತದೆ. ಬೆಂಕಿಯ ಕಾವಿಗೆ ಮೇಣ ಕರಗಿ ತುಟಿ ಬಿರಿದಾಗ ರೆಕ್ಕೆಯಿರುವ ಬೀಜ ಬೂದಿಯ ನೆಲಕ್ಕೆ ಉದುರುತ್ತದೆ. ಅದೇ ಸೀಮೆಯ ಬ್ಯಾಂಕ್ಸಿಯಾ ಅಟೆನ್ಯುಯೇಟಾ ಮಾತ್ರ ಸುಟ್ಟರೂ ಮತ್ತೆ ಚಿಗುರುವ ಜಾತಿ. ಹೀಗೆ ಗಿಡದ ಮೇಲೆಯೇ ಬೀಜ ಕೂಡಿಡುವ ಗುಣದ ಬಗ್ಗೆ ಲಮಾಂಟ್ ಮತ್ತು ಇತರರು 1991ರಲ್ಲಿ ಬರೆದ ವಿಮರ್ಶಾಲೇಖನವನ್ನು ಈಗಲೂ ಎಲ್ಲರೂ ಉಲ್ಲೇಖಿಸುತ್ತಾರೆ. ಈ ಕೂಡಿಟ್ಟ ಬೀಜಕ್ಕೆ 'ಬೀಜ ಬ್ಯಾಂಕ್' ಎನ್ನುವ ಬದಲು 'ಬೀಜಕಣಜ' ಎಂದು ಬರೆದಿದ್ದೇನೆ. ಯಾರಿಗಾದರೂ ಆಕ್ಷೇಪವಿದ್ದರೆ ತಿಳಿಸಿ.

ಹುಕೆರಿಯಾನಾದಂಥ ಗಿಡಕ್ಕೆ 'ಬೀಜದ ಗಿಡ' ಎನ್ನುವಂತಿಲ್ಲ. ನರ್ಸರಿಯಲ್ಲಿ ಬೀಜದ ಗಿಡ ಎಂದರೆ ಕಸಿ ಅಲ್ಲದ್ದು. ಮಾವು, ಹಲಸು, ಜಾಯಿಕಾಯಿ ಕೊಳ್ಳಲು ಹೋದವರೆಲ್ಲ ಆ ಅರ್ಥದಲ್ಲೇ ಕೇಳುತ್ತಾರೆ. 'ಬೀಜಾಶ್ರಿತ', 'ಬೀಜಾವಲಂಬಿ' ಎಂದು ಸ್ನೇಹಿತರೊಬ್ಬರು ಸೂಚಿಸಿದರು. ಅರ್ಥ ಸರಿಯಿದೆ, ನಾಲಿಗೆಗೆ ಭಾರ. ಮಾತಾಡುವಾಗ ನಾನು 'ಬೇರು ನಂಬಿದ ಗಿಡ, ಬೀಜ ನಂಬಿದ ಗಿಡ' ಎಂದು ಹೇಳಿಕೊಂಡು ಬಂದಿದ್ದೇನೆ, ಕೇಳಿದವರಿಗೆ ತಕ್ಷಣ ಹಿಡಿಯುತ್ತದೆ. ಇದನ್ನೇ 'ಬೀಜನಂಬಿ' ಎಂದು ಒಂದೇ ಪದ ಮಾಡಬಹುದೇ? ವ್ಯಾಕರಣ ಬಲ್ಲವರು ಹೇಳಬೇಕು.

ಹೂವಿನ ಸಂಬಂಧ ಬರುವುದು ಇಲ್ಲಿಯೇ. ಬೇರು ನಂಬಿದ ಗಿಡ ಕೆಲವು ವರ್ಷ ಕಾಯಿ ಕಚ್ಚದಿದ್ದರೂ ಬದುಕಿರುತ್ತದೆ. ಬೀಜ ನಂಬಿದ್ದಕ್ಕೆ ಆ ಸೌಲಭ್ಯ ಇಲ್ಲ. ಮುಂದಿನ ಬೆಂಕಿ ಬರುವುದರೊಳಗೆ ಅದು ಬೆಳೆದು, ಹೂಬಿಟ್ಟು, ಪರಾಗಸ್ಪರ್ಶವಾಗಿ, ಕಣಜ ತುಂಬಿರಬೇಕು. ತುಂಬುವ ಮೊದಲೇ ಇನ್ನೊಂದು ಬೆಂಕಿ ಬಿದ್ದರೆ ಆ ಜಾಗದಲ್ಲಿ ಆ ಜಾತಿಯೇ ಇಲ್ಲವಾಗಬಹುದು. ಬ್ಯಾಂಕ್ಸಿಯಾದ ಒಂದು ಹೂತೆನೆಯಲ್ಲಿ ನೂರಾರು, ಕೆಲವು ಜಾತಿಗಳಲ್ಲಿ ಸಾವಿರಕ್ಕೂ ಮೀರಿ ಪುಟ್ಟ ಹೂಗಳಿರುತ್ತವೆ, ಕಾಯಾಗುವುದು ಬೆರಳೆಣಿಕೆಯಷ್ಟು.

'ಪರಾಗಸ್ಪರ್ಶ' ಶಾಲೆಯಿಂದಲೇ ಬಂದ ಪದ, ಅದರಲ್ಲಿ ತಕರಾರಿಲ್ಲ. ಅದನ್ನು ಮಾಡುವ ಜೀವಿಗೆ ಏನೆನ್ನಬೇಕು ಎನ್ನುವುದು ನನ್ನ ಪ್ರಶ್ನೆ. 'ಪರಾಗಸ್ಪರ್ಶಕ ಕೀಟ' ಎಂದು ಜೋಡಿಯಾಗಿ ಬರೆದು ಬರೆದು, ಕೀಟವಲ್ಲದ್ದು ನೆನಪಿನಿಂದಲೇ ಬಿಟ್ಟುಹೋಗಿದೆ. ಬ್ಯಾಂಕ್ಸಿಯಾಕ್ಕೆ ಮಕರಂದ ಹೀರುವ ಹಕ್ಕಿಗಳು ಬರುತ್ತವೆ. ಜೊತೆಗೆ ಹನಿ ಪಾಸಮ್ ಎಂಬ ಹೊಟ್ಟೆಚೀಲದ ಪುಟ್ಟ ಪ್ರಾಣಿ. ಹತ್ತು ಗ್ರಾಮ್ ಆಸುಪಾಸು ತೂಗುವ ಇದು ಮಕರಂದ ಮತ್ತು ಪರಾಗವನ್ನೇ ತಿಂದು ಬದುಕುತ್ತದೆ. ನಮ್ಮ ಕವಲು ರಾತ್ರಿ ಅರಳುವ ಹೂ, ಬಾವಲಿಯ ಪಾಲಿನದು. ಬೆಳಿಗ್ಗೆ ಮರದಡಿ ಕೇಸರಗಳ ರಾಶಿ ಬಿದ್ದಿರುತ್ತದೆ. 'ದುಂಬಿ' ಎನ್ನೋಣವೆಂದರೆ ಕಾವ್ಯದ ದುಂಬಿ ಒಂದು, ವಿಜ್ಞಾನ ಪುಸ್ತಕದ ದುಂಬಿ ಇನ್ನೊಂದು. ನಾನು 'ಪರಾಗವಾಹಿ' ಎಂದು ಇಟ್ಟುಕೊಂಡಿದ್ದೇನೆ. ಮಕರಂದ ಕದ್ದು ಶಲಾಕಾಗ್ರವನ್ನು (ಹೂವಿನಲ್ಲಿ ಪರಾಗ ಹಿಡಿಯುವ ತುದಿಯನ್ನು) ಮುಟ್ಟದೆ ಹೋಗುವ ಜೀವಿಗಳನ್ನು ಇದರಿಂದ ಹೊರಗಿಡಬೇಕು ಎಂಬ ವಾದವೂ ಇದೆ. ಪುಸ್ತಿಕೆಗೆ ಅಷ್ಟು ಸೂಕ್ಷ್ಮ ಬೇಡ ಎಂದು ನನಗನಿಸುತ್ತದೆ.

ಆಡುಮಾತಿನ ಪದಕ್ಕೆ ವಿಜ್ಞಾನದ ಗೌರವ ಇರುವುದಿಲ್ಲ ಎನ್ನುವವರಿಗೆ ಒಂದು ಮಾತು. ಹೊಗೆಯಲ್ಲಿದ್ದು ಬೀಜವನ್ನು ಮೊಳೆಯಿಸುವ ರಾಸಾಯನಿಕವನ್ನು ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಗುರುತಿಸಿ 2004ರಲ್ಲಿ ಪ್ರಕಟಿಸಿದರು. ಆ ಗುಂಪಿಗೆ ಈಗಿರುವ ಹೆಸರು 'ಕ್ಯಾರಿಕಿನ್'. ಪರ್ತ್ ಸೀಮೆಯ ಮೂಲನಿವಾಸಿ ನ್ಯೂಂಗಾರ್ ಜನರ ಭಾಷೆಯಲ್ಲಿ ಹೊಗೆಗೆ ಇದ್ದ 'ಕರಿಕ್' ಎಂಬ ಪದದಿಂದ ಅದನ್ನು ಮಾಡಿದ್ದಾರೆ. ಕೂಳೆಯೂ ಪರಿಭಾಷೆಯಾಗಲಿ.

ಇನ್ನೊಂದು ಗುಂಪು ಉಳಿಯಿತು. ಕತ್ತಲೆಕಾನಿನ ಜಡ್ಡಿಯ, ಅಂದರೆ ಕಾಡಿನೊಳಗಿನ ಜೌಗು ನೆಲದ, ರಾಂಪತ್ರೆಯಂಥ ಮರಗಳಿಗೆ ಬೆಂಕಿಯ ಅಭ್ಯಾಸವೇ ಇಲ್ಲ. ಬೀಜ ಒಣಗಿದರೆ ಮೊಳಕೆಯ ಶಕ್ತಿ ಹೋಗುತ್ತದೆ, ಕಣಜದ ಮಾತೇ ಇಲ್ಲ. ಇವನ್ನು ಸದ್ಯಕ್ಕೆ 'ಬೆಂಕಿಯರಿಯದ ಮರಗಳು' ಎಂದು ಬರೆದಿದ್ದೇನೆ.

ಕುಮಟಾ, ಹೊನ್ನಾವರ, ಅಂಕೋಲಾ, ಕಾರವಾರದ ಕಡೆಯವರಲ್ಲಿ ವಿಶೇಷವಾಗಿ ಕೇಳುವುದು: ಬೇಣದ (ಹುಲ್ಲುಗಾವಲಿನ) ಕರಡ ಹುಲ್ಲು ಸುಟ್ಟ ಮೇಲೆ ಬುಡದಿಂದ ಏಳುವ ಕುಡಿಗೆ ನಿಮ್ಮ ಮನೆಗಳಲ್ಲಿ ಬೇರೆ ಹೆಸರಿದೆಯೇ? ಹಾಲಕ್ಕಿ ಒಕ್ಕಲಿಗರು, ಜೊಯಿಡಾದ ಕುಣಬಿಗಳು, ಯಲ್ಲಾಪುರ–ಹಳಿಯಾಳದ ಸಿದ್ದಿಗಳು ಏನೆನ್ನುತ್ತಾರೆ? ಕಾಡು ಕಡಿದು ಸುಟ್ಟು ಬಿತ್ತುವ ಕುಮ್ರಿ ಬೇಸಾಯ ಕಂಡ ಹಿರಿಯರು ಮನೆಯಲ್ಲಿದ್ದರೆ ದಯವಿಟ್ಟು ಅವರನ್ನು ಕೇಳಿ, ಅವರು ಹೇಳಿದ ಉಚ್ಚಾರದಲ್ಲಿಯೇ ಪದ ಬರೆದು, ಯಾವ ಊರಿನದೆಂದೂ ಸೇರಿಸಿ.