ಪ್ರಿವೆಟ್ ಬೇಲಿ ಬುಡದಲ್ಲಿ ಬೋಳಾಗುವುದೇಕೆ?

ಪ್ರಶ್ನೆ: ವರ್ಷವಿಡೀ ಹಸಿರಾಗಿರುವ ಬೇಲಿಗೆ ಪ್ರಿವೆಟ್ ಎಂಬ ಪೊದೆಗಿಡ ಹಾಕಬಹುದೇ? ಎಷ್ಟು ಅಂತರ ಬಿಡಬೇಕು? ಬುಡದಲ್ಲಿ ಎಲೆಯಿಲ್ಲದೆ ಬರೀ ಕಡ್ಡಿ ಉಳಿಯುತ್ತದಲ್ಲ, ಅದಕ್ಕೇನು ಮಾಡಬೇಕು?

ಉತ್ತರ 1: ಗಿಡದಿಂದ ಗಿಡಕ್ಕೆ 30ರಿಂದ 45 ಸೆಂ.ಮೀ. ಸಾಕು. ಬುಡ ಬೋಳಾಗುವುದು ಹೆಚ್ಚಾಗಿ ನೆಟ್ಟ ದಿನದ ತಪ್ಪಿನಿಂದ. ನೆಟ್ಟ ಕೂಡಲೇ ನೆಲದಿಂದ ಸುಮಾರು 30 ಸೆಂ.ಮೀ. ಉಳಿಸಿ ಕತ್ತರಿಸಿ, ಮನಸ್ಸು ಬಾರದಿದ್ದರೂ ಸರಿ. ತುದಿಮೊಗ್ಗು ಹೋದರೆ ಕೆಳಗಿನ ಎಲೆಸಂದಿಯ ಮೊಗ್ಗುಗಳು ಒಡೆದು ಬುಡದಿಂದಲೇ ಕವಲು ಬರುತ್ತವೆ. ಆಮೇಲೆ ಬೆಳೆಯುವ ಕಾಲದಲ್ಲಿ ಎರಡು-ಮೂರು ಸಲ ಸವರಿ. ಬುಡ ಅಗಲ, ತಲೆ ಕಿರಿದು ಇರಲಿ. ತಲೆ ದಪ್ಪವಾದರೆ ಅದರ ನೆರಳಿಗೇ ಕೆಳಗಿನ ಎಲೆ ಉದುರುತ್ತದೆ. ಬೋಳಾದ ಹಳೆಯ ಬೇಲಿಯನ್ನು ಮೋಟಾಗಿ ಕಡಿದರೂ ಮತ್ತೆ ಚಿಗುರುತ್ತದೆ, ಗಟ್ಟಿ ಜೀವ ಅದು.

ಉತ್ತರ 2: ನಿತ್ಯಹಸಿರೇ ಬೇಕೆಂದರೆ ಜಾತಿ ನೋಡಿ ಕೊಳ್ಳಿ. ಜಪಾನಿ ಪ್ರಿವೆಟ್ ಎಲೆ ಉಳಿಸಿಕೊಳ್ಳುತ್ತದೆ. ಲಿಗಸ್ಟ್ರಮ್ ಓವಲಿಫೋಲಿಯಮ್ ಎಂಬ ಇನ್ನೊಂದು ಪ್ರಿವೆಟ್ ಜಾತಿ ಕಡುಚಳಿಯಲ್ಲಿ ಉದುರಿಸುತ್ತದೆ. ಹಳದಿ ಅಂಚಿನ ಬಗೆಯಲ್ಲಿ ಪೂರ್ತಿ ಹಸಿರು ಚಿಗುರು ಕಂಡರೆ ಬುಡಕ್ಕೇ ಕತ್ತರಿಸಿ, ಬಿಟ್ಟರೆ ಹಳದಿಯನ್ನೆಲ್ಲ ನುಂಗುತ್ತದೆ.

ಉತ್ತರ 3: ದೋಷಗಳನ್ನೂ ಹೇಳಲೇಬೇಕು. ಬೇರು ಮೇಲ್ಮಣ್ಣಿನಲ್ಲೇ ಹರಡಿ ನೀರು, ಗೊಬ್ಬರ ಎಳೆಯುತ್ತದೆ; ಹೂಗಿಡಗಳನ್ನು ಒಂದು ಮೀಟರಾದರೂ ದೂರವಿಡಿ. ಬಟಾಣಿ ಗಾತ್ರದ ಕಪ್ಪು ಹಣ್ಣು ಮಕ್ಕಳಿಗೆ, ನಾಯಿ-ಕುದುರೆಗಳಿಗೆ ವಿಷ. ಹಕ್ಕಿಗಳು ಅದನ್ನೇ ತಿಂದು ಬೀಜ ಹರಡುತ್ತವೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕದ ಆಗ್ನೇಯ ಭಾಗಗಳಲ್ಲಿ ಇದು ಕಾಡಿಗೆ ನುಗ್ಗಿದ ಕಳೆ. ಅಂಥ ಕಡೆ ನೆಡಲೇಬೇಡಿ. ಬೇರೆಡೆ ಹೂ ಬಾಡಿದ ತಕ್ಷಣ, ಕಾಯಿ ಕಟ್ಟುವ ಮೊದಲೇ ಸವರಿ.