ಕಡಲ ತಡಿಯ ಪ್ರಕೃತಿ ಉದ್ಯಾನದ ಫೋಟೋಗಳು ಸಪ್ಪೆ, ಫಿಲ್ಟರ್ ತಗೊಂಡರೆ ಸರಿಹೋಗುತ್ತಾ?

ತೆರೆಸಾಲು:
ಎಲ್ಲರಿಗೂ ನಮಸ್ಕಾರ. ಸಮುದ್ರದ ಪಕ್ಕದ ಒಂದು ಪ್ರಕೃತಿ ಉದ್ಯಾನಕ್ಕೆ ಬೆಳಿಗ್ಗೆ ಬೇಗ ಹೋಗಿ ಫೋಟೋ ತೆಗೆಯುತ್ತೇನೆ. ಮರಳು ದಿಬ್ಬ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಅದರ ಮಧ್ಯೆ ಮರದ ಹಲಗೆಯ ಕಾಲುದಾರಿ, ಆಚೆ ಕಲ್ಲುಬಂಡೆ, ಎಲ್ಲಾ ಒಂದೇ ಕಡೆ ಇದೆ. ಕಣ್ಣಿಗೆ ಅಷ್ಟು ಚೆನ್ನಾಗಿ ಕಾಣುತ್ತೆ, ಫೋಟೋದಲ್ಲಿ ಮಾತ್ರ ಮೇಲೆ ಬಿಳಿ ಆಕಾಶ, ಕೆಳಗೆ ಬೂದು ನೀರು, ಮಧ್ಯೆ ಒಂದು ಗೆರೆ. ಫುಲ್ ಫ್ರೇಮ್ ಕ್ಯಾಮೆರಾ, 16 ಎಂ.ಎಂ. ವೈಡ್ ಲೆನ್ಸ್, ಟ್ರೈಪಾಡ್ ಇದೆ. ಒಳಬರುವ ಬೆಳಕನ್ನು ತಗ್ಗಿಸುವ 10 ಸ್ಟಾಪಿನ ಎನ್‌ಡಿ ಫಿಲ್ಟರ್ ತಗೊಳ್ಳೋಣ ಅಂತಿದ್ದೇನೆ. ತಗೊಳ್ಳಲಾ?

ಇಳಿತದ_ಹೊತ್ತು:
ಫಿಲ್ಟರ್ ಆಮೇಲೆ. ಮೊದಲು ಉಬ್ಬರ-ಇಳಿತದ ಪಟ್ಟಿ ನೋಡಿ. ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಾನೆ ಅಂತ ಎಲ್ಲರೂ ನೋಡಿಕೊಂಡು ಹೋಗುತ್ತಾರೆ, ಆ ಹೊತ್ತಿಗೆ ನೀರು ಎಲ್ಲಿರುತ್ತೆ ಅಂತ ನೋಡಲ್ಲ.

ಹೆಚ್ಚಿನ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ, ಹಾಗಾಗಿ ಅದು ದಿನಾ 50 ನಿಮಿಷದಷ್ಟು ತಡವಾಗುತ್ತಾ ಹೋಗುತ್ತದೆ. ಈ ಭಾನುವಾರ ಸೂರ್ಯೋದಯಕ್ಕೆ ನೀರು ತುಂಬಿದ್ದರೆ ಮುಂದಿನ ಭಾನುವಾರ ಅದೇ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ಇಳಿದಿರುತ್ತದೆ. ಜಾಗ ಅದೇ, ಚಿತ್ರ ಬೇರೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ನೀರು ಇನ್ನೂ ಜಾಸ್ತಿ ಹಿಂದೆ ಸರಿಯುತ್ತದೆ, ಉಳಿದ ದಿನ ಮುಳುಗಿರುವ ಬಂಡೆ, ಅದಕ್ಕಂಟಿದ ಪಾಚಿ, ಮರಳಿನ ಮೇಲೆ ಅಲೆ ಬರೆದ ಸಾಲುಗಳು, ಸಣ್ಣ ಸಣ್ಣ ನೀರಿನ ಗುಂಡಿಗಳು ಎಲ್ಲಾ ಆಗ ಹೊರಗೆ ಬರುತ್ತವೆ. ನಿಮ್ಮ ಚಿತ್ರದಲ್ಲಿ ಇಲ್ಲದಿರೋದು ಇದೇ. ನೀರು ಇಳಿಯುತ್ತಿರುವಾಗ ಹೋದರೆ ಮರಳಿನ ಮೇಲೆ ಹೆಜ್ಜೆ ಗುರುತೂ ಇರಲ್ಲ, ಒದ್ದೆ ಮರಳು ಆಕಾಶದ ಬಣ್ಣವನ್ನೆಲ್ಲಾ ಹಿಡಿದಿರುತ್ತದೆ.

ಟ್ರೈಪಾಡನ್ನು ಮೊಣಕಾಲಿನ ಎತ್ತರಕ್ಕೆ ಇಳಿಸಿ, ಎದುರಿನ ಕಲ್ಲಿಗೆ ಹತ್ತಿರ ಹೋಗಿ. 16 ಎಂ.ಎಂ.ನಲ್ಲಿ ನಿಂತು ತೆಗೆದರೆ ಎಲ್ಲಾ ಚಿಕ್ಕದಾಗಿ ದೂರ ಓಡುತ್ತದೆ. ಮತ್ತೆ, ನೀರು ಏರುತ್ತಿದ್ದರೆ ಒದ್ದೆ ಬಂಡೆ ಮೇಲೆ ಹೋಗಲೇಬೇಡಿ, ಕಡಲಿಗೆ ಬೆನ್ನು ಹಾಕಿ ಅಂತೂ ಬೇಡವೇ ಬೇಡ.

ಅರೆಸೆಕೆಂಡು:
ಮೇಲಿನವರು ಹೇಳಿದ್ದು ಸರಿ. ಒಂದು ಸ್ಟಾಪ್ ಅಂದರೆ ಬೆಳಕು ಅರ್ಧಕ್ಕೆ ಇಳಿದಂತೆ; 10 ಸ್ಟಾಪ್ ಅಂದರೆ ಬೆಳಕು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ, ಶಟರ್ ತೆರೆದಿರುವ ಹೊತ್ತು 1/30 ಸೆಕೆಂಡ್ ಇದ್ದದ್ದು 30 ಸೆಕೆಂಡಿನ ಹತ್ತಿರ ಹೋಗುತ್ತದೆ. ಅಲೆ ಎಲ್ಲಾ ಮಂಜಾಗಿಬಿಡುತ್ತೆ. ನನಗಂತೂ ಅದು ಇಷ್ಟವಿಲ್ಲ, ಕಡಲಿನ ಕಸುವೇ ಹೋಗುತ್ತದೆ. ಅಲೆ ಮೇಲೆ ಬಂದು ವಾಪಸ್ ಜಾರಲು ಶುರುವಾದ ಗಳಿಗೆಗೆ ಅರ್ಧ ಸೆಕೆಂಡ್ ಇಟ್ಟು ನೋಡಿ: ನೊರೆ ಕಲ್ಲಿನ ಸುತ್ತ ಬಿಳಿ ಎಳೆ ಎಳೆಯಾಗಿ ಬರುತ್ತದೆ. ಬೆಳಗಿನ ಮಂದ ಬೆಳಕಿಗೆ ಐಎಸ್‌ಒ 100 (ಸೆನ್ಸರಿನ ಸೂಕ್ಷ್ಮತೆ ಕಡಿಮೆ), ಎಫ್/11 (ಲೆನ್ಸಿನ ರಂಧ್ರ ಚಿಕ್ಕದು) ಇಟ್ಟರೆ ಫಿಲ್ಟರೇ ಬೇಡ, ಬೆಳಕು ಏರಿದ ಮೇಲೆ 3 ಸ್ಟಾಪಿನದು ಸಾಕು.

ಆಕಾಶ ಬೆಳ್ಳಗಾಗೋದಕ್ಕೆ ಒಂದು ಆಕಾಶಕ್ಕೆ, ಒಂದು ನೆಲಕ್ಕೆ ಅಂತ ಬೇರೆ ಬೇರೆ ಎಕ್ಸ್‌ಪೋಶರ್ ತೆಗೆದು ಜೋಡಿಸಿ. ಆಕಾಶದಲ್ಲಿ ಏನೂ ಇಲ್ಲ ಅಂದರೆ ಅದನ್ನು ಸುಮ್ನೆ ಫ್ರೇಮಿಂದ ಹೊರಗೆ ಬಿಡಿ, ತುಂಬಲೇಬೇಕು ಅಂತೇನಿಲ್ಲ ಅಲ್ವಾ? ಹಲಗೆ ದಾರಿ ಮೇಲೆ ಯಾರಾದರೂ ನಡೆದರೆ ಟ್ರೈಪಾಡ್ ಅದುರುತ್ತದೆ, ಅವರು ದಾಟಿ ಹೋಗುವವರೆಗೆ ಕಾಯಿರಿ.

ಮರಳುಹುಲ್ಲು:
ಒಂದು ವಿಷಯ ಯಾರೂ ಹೇಳಲಿಲ್ಲ. ದಿಬ್ಬದ ಮೇಲೆ ಹತ್ತಬೇಡಿ. ಆ ಹುಲ್ಲು, ಬಳ್ಳಿಯ ಬೇರುಗಳೇ ಮರಳನ್ನು ಹಿಡಿದಿಟ್ಟಿರೋದು, ಒಂದೇ ಜಾಗದಲ್ಲಿ ತುಳಿಯುತ್ತಿದ್ದರೆ ಹುಲ್ಲು ಸತ್ತು ಗಾಳಿಗೆ ಮರಳು ಹಾರಿಹೋಗುತ್ತದೆ. ಕೆಲವು ಹಕ್ಕಿಗಳು ಬರೀ ಮರಳಿನ ಮೇಲೇ ಮೊಟ್ಟೆ ಇಡುತ್ತವೆ, ಚುಕ್ಕೆ ಚುಕ್ಕೆಯ ಮೊಟ್ಟೆ, ಕಾಲಡಿ ಬರುವವರೆಗೂ ಕಾಣಲ್ಲ. ಹಕ್ಕಿ ಕೂಗುತ್ತಾ ನಿಮ್ಮ ಸುತ್ತ ಓಡಾಡುತ್ತಿದ್ದರೆ ಬಂದ ದಾರಿಯಲ್ಲೇ ಹಿಂದೆ ಹೋಗಿ. ಯಾವ ಚಿತ್ರವೂ ಅದಕ್ಕಿಂತ ದೊಡ್ಡದಲ್ಲ.

ಲೆನ್ಸಿನ ಮೇಲೆ ಉಪ್ಪುನೀರು ಕೂತರೆ ಒಣ ಬಟ್ಟೆಯಲ್ಲಿ ಉಜ್ಜಬೇಡಿ, ಗೀರು ಬೀಳಬಹುದು. ಒದ್ದೆ ಬಟ್ಟೆಯಲ್ಲಿ ಒತ್ತಿ ತೆಗೆದು ಆಮೇಲೆ ಒಣಗಿಸಿ. ಟ್ರೈಪಾಡ್ ಕಾಲನ್ನು ಪೂರ್ತಿ ಎಳೆದು ಸಿಹಿನೀರಲ್ಲಿ ತೊಳೆಯಿರಿ.

ತೆರೆಸಾಲು:
ತುಂಬಾ ಥ್ಯಾಂಕ್ಸ್ ಎಲ್ಲರಿಗೂ. ಫಿಲ್ಟರ್ ಸದ್ಯಕ್ಕೆ ಬೇಡ. ಕಾಂಡ್ಲಾ ಕಾಡಿಗೂ ವೈಡ್ ಲೆನ್ಸೇ ಸಾಕಾ?

ಇಳಿತದ_ಹೊತ್ತು:
ನೀರು ಇಳಿದು ಬೇರು ಹೊರಬಂದಾಗ ವೈಡ್. ಮಂಜು ಇರುವ ಬೆಳಿಗ್ಗೆ ದೂರದ್ದನ್ನು ಹತ್ತಿರ ತರುವ 70-200 ಎಂ.ಎಂ. ಜೂಮ್ ಲೆನ್ಸ್ ಇದ್ದರೆ ಒಯ್ಯಿರಿ, ದೂರದ ಮರಗಳ ಸಾಲು ಒಂದರ ಹಿಂದೆ ಒಂದು ಚೆನ್ನಾಗಿ ಕೂರುತ್ತವೆ. ಗಾಳಿ ಇದ್ದರೆ ಶಟರ್ ವೇಗ ಜಾಸ್ತಿ ಇಡಿ, ಎಲೆ ಅಲ್ಲಾಡುತ್ತವೆ.