ಕಾಡಿನ ಪ್ರಾಣಿಗಳ ಚಿತ್ರಪುಸ್ತಕದಲ್ಲಿ ಬರೀ ಕೊಡು-ಕೊಳ್ಳುವ ವ್ಯಾಪಾರವೇ ಯಾಕೆ?

ಅಮ್ಮನಚೀಲ
ಮಗಳಿಗೆ 5 ವರ್ಷ. ಚಿತ್ರಪುಸ್ತಕ ಅಂದರೆ ಪ್ರಾಣ. ಈಚೆಗೆ ತಂದವುಗಳಲ್ಲೆಲ್ಲ ಒಂದೇ ಧಾಟಿ: ಕರಡಿ ಜೇನು ಕೊಡುತ್ತದೆ, ಮೊಲ ಗೆಡ್ಡೆ ಕೊಡುತ್ತದೆ, ಕೊನೆಗೆ ಎಲ್ಲರೂ ಫ್ರೆಂಡ್ಸ್. ನೋಡೋಕೆ ಚೆಂದ. ಆದರೆ ಈಗ ಅವಳ ಪುಟ್ಟ ತಮ್ಮ ಬಣ್ಣದ ಪೆನ್ಸಿಲ್ ಕೇಳಿದರೆ "ಅವನು ನಂಗೇನು ಕೊಡ್ತಾನೆ?" ಅನ್ನುತ್ತಾಳೆ. ಅವನ ಹತ್ತಿರ ಕಚ್ಚಿದ ಬಿಸ್ಕತ್ತು ಬಿಟ್ಟರೆ ಏನಿದೆ ಪಾಪ! ಸುಮ್ನೆ ಕೊಡುವ ಪ್ರಾಣಿಗಳ ಕಥೆ ಇದೆಯಾ? ಅಥವಾ ನಾನೇ ಜಾಸ್ತಿ ತಲೆ ಕೆಡಿಸಿಕೊಂಡಿದ್ದೇನಾ?

ಹಳೇಮೇಷ್ಟ್ರು
ವ್ಯಾಪಾರದ ಕಥೆ ಬಿಡಬೇಡಿ, ಅದಕ್ಕಿಂತ ಜೋರಾದದ್ದು ಹೇಳಿ. "ಬಾಲ ಹೋಯ್ತು ಕತ್ತಿ ಬಂತು ಡುಂ ಡುಂ" ಗೊತ್ತಲ್ವಾ? ಕೋತಿಯ ಬಾಲಕ್ಕೆ ಮುಳ್ಳು ಚುಚ್ಚುತ್ತದೆ, ತೆಗೆಯಲು ಹೋದ ಕ್ಷೌರಿಕ ಬಾಲವನ್ನೇ ಕತ್ತರಿಸುತ್ತಾನೆ, ಕೋತಿ ಅವನ ಕತ್ತಿ ಎತ್ತಿಕೊಂಡು ಹೊರಡುತ್ತದೆ. ಆಮೇಲೆ ಅಜ್ಜಿಗೆ ಕತ್ತಿ ಕೊಟ್ಟು ಸೌದೆ, ದೋಸೆಯವಳಿಗೆ ಸೌದೆ ಕೊಟ್ಟು ದೋಸೆ, ಕೊನೆಗೊಂದು ಡೋಲು (ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಥರ ಹೇಳುತ್ತಾರೆ). ಮಜಾ ಏನೆಂದರೆ ಕೋತಿ ಪ್ರತಿ ಸಲ ಉಪಕಾರ ಮಾಡುವವರ ಹಾಗೇ ಬರುತ್ತದೆ. ಸೌದೆಯೆಲ್ಲ ಉರಿದು ಬೂದಿಯಾದ ಮೇಲೆ "ನನ್ನ ಸೌದೆ ಕೊಡು, ಇಲ್ಲಾ ದೋಸೆ ಕೊಡು" ಅಂತ ಪಟ್ಟು ಹಿಡಿಯುತ್ತದೆ. ಅಲ್ಲಿ ನಿಲ್ಲಿಸಿ, ದೋಸೆಯವಳಿಗೆ ಹೇಗಾಗಿರಬೇಡ ಅಂತ ಕೇಳಿ. ಮಕ್ಕಳು ಕೋತಿಯ ಕಳ್ಳಾಟ ತಟ್ಟನೆ ಹಿಡಿಯುತ್ತಾರೆ.

ಕಾಡುಪಾಪ
ನಿಜವಾದ ಕಾಡಲ್ಲೂ ಸುಮ್ನೆ ಕೊಡುವುದು ಕಡಿಮೆಯೇ. ಬಂಡೀಪುರ, ನಾಗರಹೊಳೆ ಕಡೆ ಮುಸುವಗಳಿರುವ (ಕಪ್ಪು ಮೋರೆಯ, ಉದ್ದ ಬಾಲದ ಕೋತಿ) ಮರದ ಕೆಳಗೆ ಎಷ್ಟೋ ಸಲ ಜಿಂಕೆ ಹಿಂಡು ಇರುತ್ತದೆ. ಮುಸುವ ಅರ್ಧ ತಿಂದು ಬಿಸಾಕಿದ ಎಲೆ, ಹಣ್ಣು ಜಿಂಕೆಗೆ ಊಟ. ಹುಲಿ ಕಂಡರೆ ಮೇಲಿಂದ ಮುಸುವ ಕೂಗುತ್ತದೆ, ವಾಸನೆ ಹಿಡಿದರೆ ಕೆಳಗಿಂದ ಜಿಂಕೆ. ಮುಸುವ ದಾನ ಮಾಡುತ್ತಿಲ್ಲ, ಚೆಲ್ಲುತ್ತಿದೆ ಅಷ್ಟೆ! ಇನ್ನೊಂದು, ದಕ್ಷಿಣ ಮತ್ತು ಮಧ್ಯ ಅಮೆರಿಕದ ರಕ್ತ ಕುಡಿಯುವ ಬಾವಲಿ. ಎರಡು ಮೂರು ರಾತ್ರಿ ಏನೂ ಸಿಗದಿದ್ದರೆ ಸತ್ತೇ ಹೋಗುತ್ತದೆ. ಆಗ ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದ ರಕ್ತವನ್ನೇ ಕಕ್ಕಿ ಅದರ ಬಾಯಿಗೆ ಕೊಡುತ್ತದೆ. ಬಂಧು-ಬಳಗಕ್ಕೆ ಮಾತ್ರ ಅಲ್ಲ, ಜೊತೆಯಲ್ಲೇ ಇದ್ದು ಒಡನಾಟ ಇರುವ ಹೊರಗಿನವಕ್ಕೂ. ಜೆರಾಲ್ಡ್ ವಿಲ್ಕಿನ್ಸನ್ ಅನ್ನುವ ವಿಜ್ಞಾನಿ 1984ರಲ್ಲೇ ಇದರ ಬಗ್ಗೆ 'ನೇಚರ್' ಪತ್ರಿಕೆಯಲ್ಲಿ ಬರೆದಿದ್ದಾರೆ. ಇದನ್ನು ಪುಟ್ಟ ಮಕ್ಕಳ ಪುಸ್ತಕಕ್ಕೆ ಯಾರು ಹಾಕುತ್ತಾರೆ ಹೇಳಿ :)

ತೋಟದಮನೆ
ವಾಪಸ್ ಬಯಸುವುದೇ ತಪ್ಪು ಅನ್ನೋದು ನಂಗೆ ಒಪ್ಪಿಗೆ ಇಲ್ಲ. ನಮ್ಮೂರಲ್ಲಿ ನಾಟಿಗೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು, ಕೂಲಿಯ ಮಾತೇ ಇಲ್ಲ. ಆದರೆ ಒಂದು ಮನೆಯಲ್ಲಿ ದುಡಿಯುವವನೇ ಹಾಸಿಗೆ ಹಿಡಿದಿದ್ದರೆ ಅವರ ನಾಟಿಗೂ ಹೋಗುತ್ತಿದ್ದರು, ಮುಂದಿನ ವರ್ಷ ನೋಡಿಕೊಂಡರಾಯಿತು ಅಂತ. ತಮ್ಮನ ಲೆಕ್ಕವೂ ಸದ್ಯಕ್ಕೆ ಸಾಲದಲ್ಲಿರಲಿ ಅಂತ ಹೇಳಿಬಿಡಿ ಅವಳಿಗೆ.

ಅಮ್ಮನಚೀಲ
ಸಾಲ ಅಂದಿದ್ದಕ್ಕೆ "ಯಾವಾಗ ತೀರಿಸ್ತಾನೆ?" ಅಂದಳು, ಮುಗೀತು! ಬಾವಲಿ ಕಥೆಗೆ ಮಾತ್ರ "ಛೀ" ಅಂದು, ಇನ್ನೊಂದ್ಸಲ ಹೇಳು ಅಂತ ಕೂತಳು. ಮೇಷ್ಟ್ರೇ, ಇಂಥ ಕಥೆಗಳು ಚಿತ್ರದ ಜೊತೆ ಕನ್ನಡದಲ್ಲಿ ಎಲ್ಲಿ ಸಿಗುತ್ತವೆ?

ಹಳೇಮೇಷ್ಟ್ರು
ಪ್ರಥಮ್ ಬುಕ್ಸ್ ಪ್ರಕಾಶನದವರ ಸ್ಟೋರಿವೀವರ್ ವೆಬ್‌ಸೈಟ್ ನೋಡಿ, 2015ರಿಂದ ಇದೆ, ದುಡ್ಡು ಕೊಡಬೇಕಿಲ್ಲ. ಕನ್ನಡ ಅಂತ ಆರಿಸಿಕೊಂಡು, ಓದುವ ಹಂತ 1 ಅಥವಾ 2 ಹಾಕಿ ಹುಡುಕಿ. ಡೌನ್‌ಲೋಡ್ ಮಾಡಿ ಪ್ರಿಂಟ್ ಕೂಡ ತೆಗೆಯಬಹುದು.